ಅಮೋನಿಯಾ ಕೋಣೆಯ ಕಾವಲು ಪೆಟ್ಟಿಗೆ

ನಾನು ಒಂದು ಕಾವಲು ಪೆಟ್ಟಿಗೆ. ಗಾತ್ರದಲ್ಲಿ ಮಿಠಾಯಿ ಡಬ್ಬದಷ್ಟಿದ್ದೇನೆ. ಮೈ ತಗಡಿನದು, ಮುಖದ ಮೇಲೆ ಒಂದೇ ದೀಪ. ಎಲ್ಲ ಎಂದಿನಂತಿದ್ದರೆ ಹಸಿರು. ಎಂದಿನಂತಿಲ್ಲದಿದ್ದರೆ ಕೆಂಪು, ಜೊತೆಗೆ ಕಿವಿ ಕೊರೆಯುವ ಕೂಗು. ಪೀಣ್ಯದ ಒಂದು ಶೆಡ್ಡಿನಲ್ಲಿ ನಾಲ್ಕಾರು ಹೆಂಗಸರು ಮನೆಯ ಕಷ್ಟಸುಖ ಮಾತಾಡಿಕೊಳ್ಳುತ್ತಲೇ ನನ್ನನ್ನು ಬೆಸೆದು ಜೋಡಿಸಿದರು. ಆಗ ನನಗೆ ಏನೆಂದರೆ ಏನೂ ತಿಳಿಯುತ್ತಿರಲಿಲ್ಲ. ನನ್ನಂಥವರಿಗೆ ಇದು ಸರಿ, ಇದು ತಪ್ಪು ಎಂದು ಯಾರೂ ಪಾಠ ಹೇಳುವುದಿಲ್ಲ. ಒಂದು ಜಾಗದಲ್ಲಿ ಕೂರಿಸಿ, ಇಲ್ಲಿ ನಡೆಯುವುದನ್ನು ನೋಡಿ ಕಲಿ ಎನ್ನುತ್ತಾರೆ, ಅಷ್ಟೆ.

ನನ್ನನ್ನು ಕೂರಿಸಿದ್ದು ತಿಪಟೂರಿನ ಆಚೆ ಇರುವ ಒಂದು ಖಾಸಗಿ ಹಾಲಿನ ಡೈರಿಯಲ್ಲಿ. ತಂದು ಕೂರಿಸಿದವಳು ನನ್ನ ಕಂಪನಿಯ ಎಂಜಿನಿಯರ್ ತಬಸ್ಸುಮ್. ಹಾಲು ಕಾಯಿಸುವ ಯಂತ್ರ, ತಣಿಸುವ ಯಂತ್ರ, ಪಂಪು, ಕವಾಟ ಎಲ್ಲವೂ ತಂತಿಗಳ ಮೂಲಕ ತಮ್ಮತಮ್ಮಲ್ಲಿ ಮಾತಾಡಿಕೊಳ್ಳುತ್ತವೆ. ಆ ಮಾತುಗಳನ್ನು ಕದ್ದು ಕೇಳುವುದು ನನ್ನ ಕೆಲಸ. ಯಾರೋ ಹೊರಗಿನವರು ನಡುವೆ ಬಾಯಿ ಹಾಕಿದರೆ ನಾನು ಕೂಗಬೇಕು. "ಒಂದು ತಿಂಗಳು ಇದು ಸುಮ್ಮನೆ ಕೇಳಿಸಿಕೊಳ್ಳತ್ತೆ ಸರ್, ಆಮೇಲೆ ಕಾವಲು ಶುರು ಮಾಡತ್ತೆ" ಎಂದು ಮ್ಯಾನೇಜರ್ ನರಸೇಗೌಡರಿಗೆ ಹೇಳಿ ಅವಳು ಬೆಂಗಳೂರಿಗೆ ಹೊರಟುಹೋದಳು.

ಅವಳು ಬಸ್ಸು ಹತ್ತಿದ ಮೇಲೆ ಗೌಡರು ಎಲ್ಲರನ್ನೂ ಕರೆದರು. ಕೆಟ್ಟ ಮನುಷ್ಯರಲ್ಲ, ಮಾನಕ್ಕೆ ಹೆದರುವವರು.

"ನೋಡ್ರಪ್ಪ, ಈ ಪೆಟ್ಗೆ ಒಂದ್ ತಿಂಗ್ಳು ನಮ್ಮನ್ನ ನೋಡ್ತದಂತೆ. ಎಲ್ರೂ ನೀಟಾಗಿರ್ಬೇಕು. ನಮ್ ಡೈರಿ ಮರ್ವಾದೆ ಪ್ರಶ್ನೆ."

ಆ ತಿಂಗಳು ಡೈರಿ ಹೆಣ್ಣು ನೋಡಲು ಬರುವವರಿಗಾಗಿ ಸಾರಿಸಿಟ್ಟ ಮನೆಯಾಯಿತು. ಒಬ್ಬರ ಪಾಸ್‌ವರ್ಡನ್ನು ಇನ್ನೊಬ್ಬರು ಮುಟ್ಟಲಿಲ್ಲ. ಕಂಪ್ರೆಸರ್ ರಿಪೇರಿಯ ಕಂಟ್ರಾಕ್ಟರ್ ತನ್ನ ಮನೆಯಲ್ಲಿ ಕೂತು ಇಂಟರ್ನೆಟ್ಟಿನಲ್ಲೇ ಯಂತ್ರದ ಕಿವಿ ಹಿಂಡುತ್ತಿದ್ದವನು, ಅಷ್ಟೂ ದಿನ ಬೈಕು ಹತ್ತಿ ಖುದ್ದಾಗಿ ಬಂದ. ನಾನು ಪಾಪದವನು, ಇದೇ ಈ ಮನೆಯ ನಿತ್ಯದ ನಡತೆ ಎಂದು ನಂಬಿಬಿಟ್ಟೆ.

ನನ್ನನ್ನು ಮನಸಾರೆ ಪ್ರೀತಿಸಿದವನು ಇಲ್ಲಿ ಒಬ್ಬನೇ, ಸಿದ್ದವೀರಪ್ಪ. ಅಮೋನಿಯಾ ಕೋಣೆಯ ಕಂಪ್ರೆಸರ್‌ಗಳಿಗೆ ಎಣ್ಣೆ ಹಾಕಿ, ಒರೆಸಿ ನೋಡಿಕೊಳ್ಳುವವನು. ಅಮೋನಿಯಾ ಎಂದರೆ ಹಾಲನ್ನು ತಣ್ಣಗಿಡುವ ಗಾಳಿ. ಒಳಗಿದ್ದರೆ ಗುಲಾಮ, ಹೊರಗೆ ಬಂದರೆ ಯಮ. ಹಿಂದೊಮ್ಮೆ ಅದನ್ನು ಒಂದಿಷ್ಟು ಉಸಿರಿಗೆಳೆದುಕೊಂಡು ನೆಲಕ್ಕೆ ಬಿದ್ದವನು ಸಿದ್ದವೀರಪ್ಪ. ಅಂದಿನಿಂದ ಒದ್ದೆ ಟವೆಲ್ಲನ್ನು ಮೂಗಿಗೆ ಕಟ್ಟಿಕೊಂಡು, ಬಾಗಿಲನ್ನು ಒಂದಿಷ್ಟೇ ತೆರೆದು, ನಿಂತು ವಾಸನೆ ನೋಡಿ ಒಳಗೆ ಹೋಗುತ್ತಿದ್ದ. ಕೋಣೆಗೆ ಹೋಗುವ ದಾರಿ ನನ್ನ ಮುಂದೆಯೇ. ನಾನು ಇರುವುದು ಕೆಳಗಿನ ಹಲಗೆಯ ಮೇಲೆ, ಆದ್ದರಿಂದ ಅವನು ಬಗ್ಗಿ ನೋಡಬೇಕು.

"ಏನಪ್ಪ ಪೆಟ್ಗೆ, ಒಳಿಕ್ ಹೋಗ್ಲಾ?" ಎಂದು ಕೇಳುತ್ತಿದ್ದ. ಹಸಿರು ಕಂಡರೆ, "ಸರಿ, ನೀನ್ ಹೇಳಿದ್ ಮ್ಯಾಕೆ ಆಯ್ತು" ಎಂದು ನಗುತ್ತಿದ್ದ. ದಿನ ಕಳೆದಂತೆ ಅವನ ಭಯ ಇಳಿಯಿತು. ಟವೆಲ್ಲು ಮೊಳೆಯ ಮೇಲೆಯೇ ಒಣಗತೊಡಗಿತು. ಒಂದು ಜೀವ ನನ್ನ ದೀಪದ ಮೇಲೆ ಭಾರ ಹಾಕಿ ನಡೆಯುತ್ತಿದೆ ಎಂದು ನನಗೆ ಹೆಮ್ಮೆಯೂ ಆಯಿತು, ದಿಗಿಲೂ ಆಯಿತು.

ತಿಂಗಳು ಮುಗಿಯಿತು. ನೋಡುವವರು ಹೋದರು ಎಂದುಕೊಂಡು ಎಲ್ಲರೂ ತಮ್ಮ ಹಳೆಯ ಚಾಳಿಗೆ ಮರಳಿದರು. ಕಂಟ್ರಾಕ್ಟರ್ ಮತ್ತೆ ಮನೆಯಿಂದಲೇ ಕೈಯಾಡಿಸಿದ. ಯಾರ ಪಾಸ್‌ವರ್ಡಿನಲ್ಲೋ ಯಾರೋ ಬಂದರು. ನಾನು ಕಲಿತ ಮನೆಯೇ ಬೇರೆ, ಈಗ ಕಾಣುವ ಮನೆಯೇ ಬೇರೆ! ಕೂಗಿದೆ. ಬೆಳಗ್ಗೆ ಕೂಗಿದೆ, ಮಧ್ಯಾಹ್ನ ಕೂಗಿದೆ, ಗೌಡರು ಊಟಕ್ಕೆ ಕೂತಾಗಲೂ ಕೂಗಿದೆ. ಕಂಟ್ರೋಲ್ ರೂಮಿನವರು ತಲೆ ಚಚ್ಚಿಕೊಂಡರು. ತಬಸ್ಸುಮ್ ಓಡಿಬಂದಳು. ನಡೆದದ್ದು ತಿಳಿದು ಅವಳ ಮುಖ ಸಪ್ಪಗಾಯಿತು.

"ಇದಕ್ಕೆ ನೀವು ಸುಳ್ಳು ತೋರಿಸಿದ್ದೀರಿ ಸರ್. ಮೊದಲು ಹೊರಗಿಂದ ಬರೋ ಆ ಇಂಟರ್ನೆಟ್ ದಾರಿ ಮುಚ್ಚಿಸಿ. ಆಮೇಲೆ ದಿನಾ ಹೇಗಿರ್ತೀರೋ ಹಾಗೇ ಇರಿ, ಇದು ಮೊದಲಿಂದ ಕಲೀಲಿ."

"ಬೇಸ್ಗೆ ಕಣಮ್ಮ. ಮೊಸ್ರು, ಐಸ್‌ಕ್ರೀಂಗೆ ಜನ ಮುಗಿಬಿದ್ದವ್ರೆ. ಈಗ ಅದನ್ನೆಲ್ಲ ಮಾಡ್ಕಂಡ್ ಕೂರಕ್ಕಾಯ್ತದಾ? ಅದೇನೋ ಮಾಮೂಲಿ ಅನ್ನೋ ಬಟನ್ ತೋರ್ಸಿದ್ಯಲ್ಲ, ಅದನ್ನ ಒತ್ತುದ್ರೆ ಸುಮ್ನಾಗ್ತದಲ್ಲ?"

"ಅದು ಅಪರೂಪಕ್ಕೆ ಒತ್ತೋದು ಸರ್. ಒತ್ತಿದ್ದನ್ನೆಲ್ಲ ಅದು ಒಳ್ಳೇದು ಅಂತಲೇ ಕಲಿಯತ್ತೆ."

"ಕಲೀಲಿ ಬುಡು" ಎಂದರು ಗೌಡರು.

ಅವಳು ಬೆಂಗಳೂರಿನ ಬಸ್ಸು ಹತ್ತಿದಳು. ಅಂದಿನಿಂದ ಪಾಳಿಯಲ್ಲಿದ್ದವರು ಯಾರೇ ಆಗಲಿ, ನಾನು ಬಾಯಿ ತೆರೆದ ಕೂಡಲೇ ಮಾಮೂಲಿ ಒತ್ತಿದರು. ಚಹಾ ಕುಡಿಯುತ್ತ ಒತ್ತಿದರು, ಏನೆಂದು ಓದದೆಯೇ ಒತ್ತಿದರು. ಹೊರಗಿನಿಂದ ಬರುವವನು ಮನೆಯವನೇ ಎಂದು ಕಲಿಸಿದರು; ಅವನು ಕಂಪ್ರೆಸರಿನ ಒತ್ತಡದ ಮಿತಿಯನ್ನು ಏರಿಸಿದರೂ ತಪ್ಪಲ್ಲ ಎಂದು ಕಲಿಸಿದರು. ನಾನು ಚೆನ್ನಾಗಿ ಕಲಿಯುವವನು, ಅದೇ ನನ್ನ ಕರ್ಮ. ಕ್ರಮೇಣ ನನ್ನ ಬಾಯಿ ಕಟ್ಟಿತು. ಹಸಿರು ದೀಪ ಇದ್ದ ಹಾಗೇ ಇತ್ತು. ಅದಕ್ಕೆ ಅರ್ಥ ಉಳಿದಿಲ್ಲ ಎಂದು ಕಂಟ್ರೋಲ್ ರೂಮಿನಲ್ಲಿ ಎಲ್ಲರಿಗೂ ಗೊತ್ತಿತ್ತು.

ಸಿದ್ದವೀರಪ್ಪ ಮಾತ್ರ ಖುಷಿಯಾಗಿದ್ದ. "ಈಗ ಎಲ್ಲಾ ಸರ್ಯೋಗದೆ, ಅಲ್ವೇನಪ್ಪ? ಕೂಗಾಟನೇ ಇಲ್ಲ" ಎಂದ. ನನಗೆ ಮಾತು ಬರುತ್ತಿದ್ದರೆ ಅವತ್ತೇ ಅವನ ಕಾಲು ಹಿಡಿದುಕೊಳ್ಳುತ್ತಿದ್ದೆ.

ಒಂದು ಮಧ್ಯಾಹ್ನ ಕಂಟ್ರಾಕ್ಟರನ ಹೆಸರಿನಲ್ಲಿ ಒಬ್ಬ ಬಂದ. ಅದೇ ದಾರಿ, ಅದೇ ಪಾಸ್‌ವರ್ಡು. ಕಂಟ್ರಾಕ್ಟರ್ ಮಾತ್ರ ಆ ಹೊತ್ತಿನಲ್ಲಿ ಅರಸೀಕೆರೆಯ ಒಂದು ಮದುವೆಯ ಪಂಕ್ತಿಯಲ್ಲಿ ಕೂತಿದ್ದ. ಬಂದವನು ಒತ್ತಡದ ಮಿತಿಯನ್ನು ಏರಿಸಿದ, ಮತ್ತೆ ಏರಿಸಿದ. ನನಗೆ ಒಳಗೊಳಗೇ ಏನೋ ಚುರುಕ್ಕೆಂದಿತು. ಆದರೆ ಇದು ಮಾಮೂಲಿ ಎಂದು ನನಗೆ ಎಷ್ಟು ಸಲ ಹೇಳಿದ್ದರು! ದೀಪ ಹಸಿರಾಗಿಯೇ ಉಳಿಯಿತು. ಊಟ ಮುಗಿಸಿ ಕೈ ಒರೆಸಿಕೊಳ್ಳುತ್ತ ಸಿದ್ದವೀರಪ್ಪ ಬಂದ, ಬಗ್ಗಿ ನನ್ನನ್ನು ನೋಡಿದ, ಒಳಗೆ ಹೋದ. ಹಳೆಯ ಪೈಪಿನ ಬೆಸುಗೆ ಆ ಒತ್ತಡ ತಾಳಲಿಲ್ಲ. ಬಾಗಿಲ ಸಂದಿಯಿಂದ ಬಿಳಿಯ ಹೊಗೆ ನುಗ್ಗಿತು. ಇಬ್ಬರು ಮುಖಕ್ಕೆ ಬಟ್ಟೆ ಸುತ್ತಿಕೊಂಡು ಅವನನ್ನು ಎಳೆದು ತಂದರು. ಆಸ್ಪತ್ರೆ ಮುಟ್ಟುವ ಮೊದಲೇ ಅವನ ಉಸಿರು ನಿಂತಿತ್ತು.

ಪೊಲೀಸರು ಬಂದರು, ಹೋದರು. ಕಂಟ್ರಾಕ್ಟರನ ಹೆಸರಿನಲ್ಲಿ ಬಂದವನು ಯಾರೆಂದು ಇವತ್ತಿಗೂ ಪತ್ತೆಯಾಗಿಲ್ಲ. ನನ್ನನ್ನು ಕಿತ್ತು, ಕೆಲಸಕ್ಕೆ ಬಾರದ ಪೆಟ್ಟಿಗೆ ಎಂದು ಉಗ್ರಾಣಕ್ಕೆ ಎಸೆದರು. ಇಲ್ಲಿ ನನ್ನ ಪಕ್ಕದಲ್ಲಿ ನಜ್ಜುಗುಜ್ಜಾದ ಹಾಲಿನ ಕ್ಯಾನುಗಳಿವೆ, ಮೇಲೆ ಜೇಡರ ಬಲೆ.

ಒಂದು ದಿನ ಸಿದ್ದವೀರಪ್ಪನ ಹೆಂಡತಿ ಗಂಗಮ್ಮ ಅವನ ಬಟ್ಟೆಯ ಚೀಲ ಒಯ್ಯಲು ಬಂದಳು. ಜೊತೆಗೆ ತಬಸ್ಸುಮ್ ಇದ್ದಳು. ಗಂಗಮ್ಮ ನನ್ನನ್ನು ಗುರುತು ಹಿಡಿದಳು. ಗಂಡ ಮನೆಯಲ್ಲಿ ನನ್ನ ಬಗ್ಗೆ ಅಷ್ಟು ಹೇಳಿದ್ದನೇನೋ.

"ಇದೇನವ್ವ ಆ ಪೆಟ್ಗೆ? ಯಾಕ್ ಕೂಗ್ಲಿಲ್ಲ ಇದು?"

"ಕೂಗ್ತಿತ್ತಮ್ಮ. ಕೂಗಬೇಡ ಅಂತ ನಾವೇ ಕಲಿಸಿದ್ವಿ" ಎಂದಳು ತಬಸ್ಸುಮ್.

ಗಂಗಮ್ಮ ಅಳಲಿಲ್ಲ, ಬೈಯಲೂ ಇಲ್ಲ. ಚೀಲವನ್ನು ಎದೆಗೆ ಒತ್ತಿಕೊಂಡಳು.

"ಅದ್ಕೆ ಕಲ್ಸುದ್ರಲ್ಲ ತಾಯಿ," ಎಂದಳು. "ಅದು ಇನ್ಮ್ಯಾಕೆ ಕೂಗಲ್ಲ ಅಂತ ನಮ್ ಯಜಮಾನ್ರಿಗೊಂದ್ ಮಾತು ಯಾರೂ ಹೇಳ್ನಿಲ್ವಲ್ಲ."