ಹತ್ತಕ್ಕೆ ಹತ್ತು ಬಂದ ಚೀಲಗಳು

ಮನೆಯಲ್ಲಿ ಅವಳನ್ನು ಎಲ್ಲರೂ ಗುಮ್ಮಿ ಎಂದೇ ಕರೆಯುತ್ತಿದ್ದರು. ಗುಮ್ಮನಗುಸುಕಿ ಎಂದು ಪೂರ್ತಿ ಹೇಳುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ. ಫೋನು ಹೊಡೆದುಕೊಂಡರೆ ಅದು ನಿಲ್ಲುವವರೆಗೆ ಉಸಿರು ಬಿಗಿಹಿಡಿದು ಕೂತು, ಆಮೇಲೆ "ಈಗ ನೋಡಿದೆ" ಎಂದು ಮೆಸೇಜು ಕಳಿಸುವವಳು ಅವಳು. ಡೈರಿಯಲ್ಲಿ ದಿನಕ್ಕೆ ನಾಲ್ಕು ಪುಟ ಹರಟುತ್ತಿದ್ದಳು, ಬಾಯಲ್ಲಿ ನಾಲ್ಕು ಮಾತಾಡಲು ಬೆವರುತ್ತಿದ್ದಳು. ಅರ್ಥಶಾಸ್ತ್ರದ ಪದವಿ ಮುಗಿಸಿದ ಇಂಥವಳಿಗೆ ಹುಡುಕಿಕೊಂಡು ಬಂದದ್ದು ಎಂಥ ಕೆಲಸ! ಒಂದು ತರಬೇತಿ ಸಂಸ್ಥೆಯ ಪರವಾಗಿ ಪೇಟೆಯ ವ್ಯಾಪಾರಿ ಸಂಘಗಳ ಮುಖಂಡರಿಗೆ ಮುಕ್ತ ಮಾರುಕಟ್ಟೆಯ ಪಾಠ ಹೇಳಬೇಕು, ಜೊತೆಗೆ ಜಗಳ ಬಿಡಿಸುವುದನ್ನೂ ಕಲಿಸಬೇಕು.

"ನೀನು ಜಗಳ ಬಿಡಿಸ್ತೀಯಾ?" ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. "ಟ್ಯಾಕ್ಸಿಯವನು ಬೇರೆ ಬೀದೀಲಿ ಇಳಿಸಿದ್ರೆ ಥ್ಯಾಂಕ್ಸ್ ಹೇಳಿ ನಡ್ಕೊಂಡು ಬಂದೋಳು ನೀನು!"

ಆರು ತಿಂಗಳ ಪರೀಕ್ಷಾ ಅವಧಿಯ ಕೊನೆಯ ತರಗತಿ ಇವತ್ತು. ಹಿಂದಿನ ಸಾಲಿನಲ್ಲಿ ಮೇಲ್ವಿಚಾರಕರು ತೊಡೆಯ ಮೇಲೆ ಫೈಲು ಇಟ್ಟುಕೊಂಡು ಕೂತಿದ್ದರು. ಪಾಠ ಸರಿಹೋದರೆ ಕೆಲಸ ಖಾಯಂ. ಇಲ್ಲದಿದ್ದರೆ ಸೋಮವಾರದಿಂದ ಮನೆ, ಎದುರಿಗೆ ಅಕ್ಕನ ನಗು.

ಮಹಡಿಯ ಕೋಣೆಯಲ್ಲಿ ಎಂಟು ಪ್ಲಾಸ್ಟಿಕ್ ಕುರ್ಚಿ, ಎಂಟು ಜನ ಮುಖಂಡರು. ಆ ತುದಿಯಲ್ಲಿ ಟೈಲರ್‌ಗಳ ಸಂಘದ ಅಧ್ಯಕ್ಷರು, ಈ ತುದಿಯಲ್ಲಿ ತರಕಾರಿ ಮಾರುವವರ ಮುಂದಾಳು ತರಕಾರಿಯಮ್ಮ. ಟೈಲರ್ ಅಂಗಡಿಯ ತಗಡಿನಿಂದ ಮಳೆನೀರು ಸುರಿಯುವುದು ಆಕೆಯ ಟೊಮ್ಯಾಟೊ ಮೇಲೆ, ಆಕೆ ಸೇಡಿಗೆ ಬುಟ್ಟಿ ಜೋಡಿಸುವುದು ಅವರ ಬಾಗಿಲಿಗೆ ಅಡ್ಡ. ಮಾತು ಬಿಟ್ಟು ಎರಡು ವರ್ಷವಾಗಿತ್ತು. ಏನಾದರೂ ಹೇಳಲೇಬೇಕಾದರೆ ಟೈಲರ್ ಅದನ್ನು ಫ್ಯಾನಿಗೆ ಹೇಳುತ್ತಿದ್ದರು, ತರಕಾರಿಯಮ್ಮ ಉತ್ತರವನ್ನು ಕಿಟಕಿಗೆ ಕೊಡುತ್ತಿದ್ದರು. ಇವರಿಬ್ಬರಿಗೆಂದೇ ಗುಮ್ಮಿ ಐದು ಹೆಜ್ಜೆಗಳ ಸಂಧಾನ ವಿಧಾನವನ್ನು ಬಾಯಿಪಾಠ ಮಾಡಿದ್ದಳು. ಈ ತಂಡದ ಪಾಠ ಶುರುವಾದ ಮೂರು ವಾರದಲ್ಲಿ ಮೊದಲ ಹೆಜ್ಜೆ ಇಡಲೂ ಅವಳಿಗೆ ಧೈರ್ಯ ಬಂದಿರಲಿಲ್ಲ.

ಇವತ್ತಿನದು ವಿನಿಮಯದ ಆಟ. ಕೈಪಿಡಿಯ ಪ್ರಕಾರ ಪ್ರತಿಯೊಬ್ಬರಿಗೂ ಕೈಗೆ ಸಿಕ್ಕ ವಸ್ತು ಹಾಕಿದ ಒಂದು ಚೀಲ ಕೊಡಬೇಕು. ಅದು ಎಷ್ಟು ಇಷ್ಟವಾಯಿತೆಂದು ಅವರು ಹತ್ತಕ್ಕೆ ಅಂಕ ಹಾಕಬೇಕು. ಆಮೇಲೆ ಮನಸ್ಸಿಗೆ ಬಂದವರ ಜೊತೆ ಬದಲಾಯಿಸಿಕೊಂಡು ಮತ್ತೆ ಅಂಕ ಹಾಕಬೇಕು. ಒಟ್ಟು ಅಂಕ ಏರುತ್ತದೆ, ಮುಕ್ತ ವಿನಿಮಯದಿಂದ ಇಬ್ಬರಿಗೂ ಲಾಭ ಎಂದು ಎಲ್ಲರ ತಲೆಗೂ ಹೋಗುತ್ತದೆ.

ಗುಮ್ಮಿ ಚೀಲ ಹಂಚಿದಳು. ಎಲ್ಲರೂ ಒಳಗೆ ಇಣುಕಿ ನೋಡಿ ಅಂಕ ಕೂಗಿದರು.

"ಹತ್ತು!"

"ನಂದೂ ಹತ್ತು!"

"ಹನ್ನೆರಡು ಹಾಕಬಹುದಾ ಮೇಡಂ?"

ಬೋರ್ಡಿನ ಮೇಲೆ ಎಂಟು ಹತ್ತುಗಳು ಸಾಲಾಗಿ ನಿಂತವು. ಒಟ್ಟು ಎಂಬತ್ತು. ಆಗ ಅವಳಿಗೆ ತಾನು ಮಾಡಿದ ಘನಕಾರ್ಯ ಹೊಳೆಯಿತು. ಯಾರಿಗೆ ಏನು ಬೇಕೆಂದು ಮೂರು ವಾರ ಕದ್ದು ನೋಡಿ ಡೈರಿಯಲ್ಲಿ ಬರೆದುಕೊಂಡಿದ್ದಳು, ಚೀಲಕ್ಕೆ ಹಾಕಲು ಸಾಮಾನು ತರುವಾಗ ಆ ಪುಟವನ್ನೇ ಪಟ್ಟಿ ಮಾಡಿಕೊಂಡಿದ್ದಳು. ಏಳುವಾಗ ಕೂರುವಾಗ ಮುಲುಗುವ ತರಕಾರಿಯಮ್ಮನಿಗೆ ಮಂಡಿಗೆ ಹಾಕುವ ಪಟ್ಟಿ. ಕಣ್ಣು ಮಂಜಾದದ್ದನ್ನು ಮುಚ್ಚಿಡುವ ಟೈಲರ್‌ಗೆ ಸೂಜಿಗೆ ದಾರ ಪೋಣಿಸಿಕೊಡುವ ಪುಟ್ಟ ಕೊಕ್ಕೆ.

"ಈಗ... ಬೇಕಾದವರು ಬದಲಾಯಿಸಿಕೊಳ್ಳಬಹುದು."

ಒಬ್ಬರೂ ಅಲುಗಲಿಲ್ಲ. ಕ್ಷೌರಿಕರ ಸಂಘದವರು ಚೀಲವನ್ನು ಕಂಕುಳಿಗೆ ಸೇರಿಸಿಕೊಂಡರು.

"ಏನಮ್ಮ, ಮಾರುಕಟ್ಟೆ ಇನ್ನೂ ಬಾಗಿಲು ತೆಗೆದಿಲ್ವಾ?" ಹಿಂದಿನಿಂದ ಮೇಲ್ವಿಚಾರಕರ ದನಿ.

ಗುಮ್ಮಿಯ ಕಣ್ಣು ತುಂಬಿತು. ಬೋರ್ಡಿನ ಕಡೆ ತಿರುಗಿ, ಅಳಿಸಲು ಏನೂ ಇಲ್ಲದ ಕಡೆ ಒರೆಸತೊಡಗಿದಳು.

"ಅಯ್ಯೋ, ಕೂಸು ಅಳ್ತಿದೆ ಕಣ್ರೋ," ಎಂದರು ತರಕಾರಿಯಮ್ಮ. "ಯಾರಾದ್ರೂ ಒಬ್ರು ಬದಲಾಯಿಸ್ಕೊಳ್ಳಿ!"

"ಹೇಳಿದೋರೇ ಮೊದಲು ಕೊಡಬಹುದಪ್ಪ," ಎಂದು ಟೈಲರ್ ಫ್ಯಾನಿಗೆ ಹೇಳಿದರು.

"ಕೊಡೋಕೆ ನಾನು ರೆಡಿ," ಎಂದು ತರಕಾರಿಯಮ್ಮ ಕಿಟಕಿಗೆ ಹೇಳಿದರು. "ತಗೊಳ್ಳೋಕೆ ಕೆಲವರಿಗೆ ಧೈರ್ಯ ಬೇಕಲ್ಲ!"

ಟೈಲರ್ ದಡಕ್ಕನೆ ಎದ್ದು ಬಂದು ಚೀಲ ಚಾಚಿದರು. ಅದಲು ಬದಲಾಯಿತು. ಟೈಲರ್ ಹೊಸ ಚೀಲಕ್ಕೆ ಕೈ ಹಾಕಿ ಒಳಗಿದ್ದುದನ್ನು ಹೊರತೆಗೆದು ಮುಖ ಕಿವಿಚಿದರು.

"ಏನ್ರೀ ಇದು?"

"ಮಂಡಿಗೆ ಹಾಕ್ಕೊಳ್ಳೋದು. ತಲೆಗಲ್ಲ."

ಎರಡು ವರ್ಷದ ಮೇಲೆ ಅವರಿಬ್ಬರು ನೇರವಾಗಿ ಆಡಿದ ಮೊದಲ ಮಾತು ಅದು.

"ನನ್ನದು ಒಂದು ಅಂಕ, ಮೇಡಂ. ಸುಳ್ಳು ಹೇಳಕ್ಕಾಗಲ್ಲ."

"ನಂದು ಸೊನ್ನೆ. ಈ ಕೊಕ್ಕೇಲಿ ಕೊತ್ತಂಬರಿ ಪೋಣಿಸ್ಲಾ?"

ಕೋಣೆಯೆಲ್ಲ ಗೊಳ್ಳೆಂದಿತು. ಒಟ್ಟು ಅಂಕ ಅರವತ್ತೊಂದಕ್ಕೆ ಇಳಿಯಿತು. ವಿನಿಮಯದಿಂದ ಇಬ್ಬರೂ ಮುಳುಗುತ್ತಾರೆಂದು ಸಾಧಿಸಿ ತೋರಿಸಿದ ಮೊದಲ ತರಬೇತುದಾರಳು ತಾನೇ ಇರಬೇಕು ಎಂದುಕೊಂಡಳು ಗುಮ್ಮಿ.

ಮೇಲ್ವಿಚಾರಕರು ಅವಳನ್ನು ಬಾಗಿಲ ಬಳಿಗೆ ಕರೆದು ದನಿ ತಗ್ಗಿಸಿದರು. "ಒಂದನ್ನ ಹನ್ನೊಂದು ಮಾಡಿ. ಸೊನ್ನೆ ಹಿಂದೆ ಒಂದು ಗೀಟು ಹಾಕಿ, ಹತ್ತಾಗುತ್ತೆ. ಒಟ್ಟು ಎಂಬತ್ತೊಂದು. ವರದಿ ಮೇಲೆ ಹೋಗಬೇಕು, ನಿಮ್ಮ ಕೆಲಸಾನೂ ಖಾಯಂ ಆಗಬೇಕು, ಅಲ್ವಾ?"

"ಹತ್ತಕ್ಕೇ ಸರ್," ಎಂದಳು ಗುಮ್ಮಿ.

"ಏನಂದ್ರಿ?"

"ಅಂಕ ಹತ್ತಕ್ಕೇ ಸರ್! ಹನ್ನೊಂದು ಬರಲ್ಲ. ಅರವತ್ತೊಂದೇ!"

ಇಷ್ಟು ದೊಡ್ಡ ದನಿ ಯಾರದೆಂದು ಅವಳೂ ಒಮ್ಮೆ ಹಿಂತಿರುಗಿ ನೋಡಿದಳು. ಆಮೇಲೆ ಅಭ್ಯಾಸಬಲದಿಂದ, "ಸಾರಿ ಸರ್," ಎಂದಳು.

ಅಷ್ಟರಲ್ಲಿ ಒಳಗೆ ಜಗಳ ಹತ್ತಿಕೊಂಡಿತ್ತು, ಅದೂ ಮುಖಾಮುಖಿ.

"ನನ್ನ ಕೊಕ್ಕೆ ವಾಪಸ್ ಕೊಡ್ರಿ. ಕೂಸಿನ ಕಣ್ಣೀರು ನಿಲ್ತಲ್ಲ."

"ಸುಮ್ನೆ ಕೊಡ್ತಾರಾ? ಆ ಹಾಳು ತಗಡಿಗೆ ಒಂದು ಪೈಪು ಹಾಕ್ಸಿ, ಕೊಡ್ತೀನಿ."

"ಬಾಗಿಲ ಮುಂದಿನ ಬುಟ್ಟಿ?"

"ಪೈಪು ಬಂದ ದಿನವೇ ಎತ್ತಿಸ್ತೀನಿ. ಬಾಯಿಮಾತು ಬೇಡ. ಕೂಸೇ, ಇಲ್ಲಿ ಬಾ, ಬರ್ಕೋ!"

ಗುಮ್ಮಿಗೆ ಬರುತ್ತಿದ್ದುದು ಅದೊಂದೇ. ಇಬ್ಬರ ನಡುವೆ ಕುರ್ಚಿ ಎಳೆದುಕೊಂಡು ಕೂತು ಬರೆದಳು. ಇಬ್ಬರೂ ಸಹಿ ಹಾಕಿದ ಮೇಲೆ ಚೀಲಗಳು ತಮ್ಮ ತಮ್ಮ ಒಡೆಯರಿಗೆ ಮರಳಿದವು. ಇಬ್ಬರೂ ಮತ್ತೆ ಹತ್ತೆಂದರು.

"ಮೊದಲೂ ಎಂಬತ್ತು, ಈಗಲೂ ಎಂಬತ್ತು," ಎಂದರು ಮೇಲ್ವಿಚಾರಕರು. "ಲಾಭ ಎಲ್ಲಿ?"

"ಪೈಪು, ಸರ್."

"ಪೈಪಿಗೆ ನಮೂನೆಯಲ್ಲಿ ಕಾಲಂ ಇಲ್ಲಮ್ಮ." ಅವರು ಫೈಲು ತೆರೆದು ಕಾಲಂಗಳ ಮೇಲೆಲ್ಲ ಬೆರಳಾಡಿಸಿದರು. ಕೊನೆಗೆ ಪರೀಕ್ಷಾ ಅವಧಿಯನ್ನು ಇನ್ನೂ ಮೂರು ತಿಂಗಳು ಮುಂದುವರಿಸಲಾಗಿದೆ ಎಂದು ಬರೆದು ಸಹಿ ಹಾಕಿದರು.

ಸಂಜೆ ಬಾಗಿಲು ತೆಗೆಯುವಾಗಲೇ ಅಕ್ಕ ಕೇಳಿದಳು, "ಖಾಯಂ ಆಯ್ತಾ?"

"ಇಲ್ಲ. ಇನ್ನೂ ಮೂರು ತಿಂಗಳು."

"ಆ ಜಗಳ?"

"ಮುಗೀತು."

"ನೀನು ಬಿಡಿಸಿದ್ಯಾ?"

"ನಾನು ಅತ್ತುಬಿಟ್ಟೆ. ಅವರೇ ಬಿಡಿಸ್ಕೊಂಡ್ರು."

ಅಕ್ಕ ನಗಲು ಬಾಯಿ ತೆರೆಯುವಷ್ಟರಲ್ಲಿ ಫೋನು ಹೊಡೆದುಕೊಂಡಿತು. ತರಕಾರಿಯಮ್ಮ. ಗುಮ್ಮಿ ಉಸಿರು ಬಿಗಿಹಿಡಿದು ಕಾದಳು. ಅದು ನಿಂತ ಮೇಲೆ "ಈಗ ನೋಡಿದೆ" ಎಂದು ಮೆಸೇಜು ಕಳಿಸಿದಳು.