ಕಾವಲಿಗೆ ಬಂದ ಅಣ್ಣ

ಬೆಳಿಗ್ಗೆ ಒಂಬತ್ತು ಗಂಟೆಗೆ ಅಫ್ರೀನ್ ಮುಂದೆ, ರಿಯಾಜ್ ಹತ್ತು ಹೆಜ್ಜೆ ಹಿಂದೆ. ಹುಣಸೂರಿನ ಪೇಟೆ ಬೀದಿ ದಾಟಿ, ಬಸ್ ನಿಲ್ದಾಣದ ಗದ್ದಲ ದಾಟಿ ಅಣ್ಣ ತಂಗಿ ಹೀಗೆ ಕಾಲೇಜಿಗೆ ಹೋಗುವುದನ್ನು ನೋಡಿ ನೋಡಿ ಅಂಗಡಿಯವರಿಗೆಲ್ಲ ಅಭ್ಯಾಸವಾಗಿತ್ತು. ಹತ್ತು ಹೆಜ್ಜೆಯ ಅಂತರ ರಿಯಾಜ್ ಇಟ್ಟದ್ದಲ್ಲ, ಅಫ್ರೀನ್ ಇಟ್ಟದ್ದು. ಅವನು ಹತ್ತಿರ ಬಂದನೆಂದರೆ ಅವಳು ನಡಿಗೆ ಬಿರುಸು ಮಾಡುತ್ತಿದ್ದಳು.

ಅದು 2001ನೇ ಇಸವಿ. ಮರಗೆಲಸದ ನಸೀರ್ ಸಾಹೇಬರ ಮನೆಯಲ್ಲಿ ಪಿಯುಸಿ ಮುಗಿಸಿದವಳು ಅಫ್ರೀನ್ ಒಬ್ಬಳೇ. ಡಿಗ್ರಿಗೆ ಸೇರುತ್ತೇನೆ ಎಂದಾಗ ತಂದೆ ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ, "ರಿಯಾಜ್ ಜೊತೆ ಹೋಗಿ ಅವನ ಜೊತೆಗೇ ಬರೋದಾದ್ರೆ ಹೋಗು. ಗಲ್ಲಿಯವರು ಕೇಳಿದ್ರೆ ಅಣ್ಣ ಜೊತೆಗಿದ್ದಾನೆ ಅಂತ ಹೇಳೋಕಾಗಬೇಕು" ಎಂದರು.

ರಿಯಾಜ್‌ಗೆ ಇಪ್ಪತ್ನಾಲ್ಕು ವರ್ಷ. ಹುಟ್ಟಿನಿಂದಲೇ ಅವನ ಬುದ್ಧಿಯ ಬೆಳವಣಿಗೆ ನಿಧಾನ. ಮಾತು ತಡವರಿಸಿ ಬರುತ್ತಿತ್ತು. ಎರಡನೇ ಕ್ಲಾಸಿನಲ್ಲೇ ಶಾಲೆಯವರು ಇವನ ತಲೆಗೆ ಏನೂ ಹತ್ತುವುದಿಲ್ಲವೆಂದು ಮನೆಗೆ ಕಳಿಸಿದ್ದರು. ದೊಡ್ಡ ರಸ್ತೆ ದಾಟುವಾಗ ಈಗಲೂ ತಂಗಿಯೇ ನಿಂತು ಅವನ ಕೈ ಹಿಡಿಯಬೇಕು. ಹೆಸರಿಗೆ ಮಾತ್ರ ಅವನು ಕಾವಲು. ಆದರೆ ಆ ಕಾವಲು ಇಲ್ಲದಿದ್ದರೆ ಅವಳಿಗೆ ಕಾಲೇಜೂ ಇಲ್ಲ.

ಕಾಲೇಜಿನ ಜಗಲಿಯಲ್ಲಿ ಅಟೆಂಡರ್ ಕುಳ್ಳಯ್ಯನ ಬೆಂಚಿತ್ತು. ರಿಯಾಜ್ ದಿನವಿಡೀ ಅಲ್ಲೇ ಕೂರುತ್ತಿದ್ದ. ಎರಡು ವಾರ ಕಳೆಯುವುದರೊಳಗೆ ಒಂದು ಟೀ ಇಬ್ಬರಿಗೂ ಅರ್ಧರ್ಧ ಆಗುತ್ತಿತ್ತು. ಹಿಸ್ಟರಿ ಪೀರಿಯಡ್ ಬಂದಾಗ ಮಾತ್ರ ರಿಯಾಜ್ ಎದ್ದು ಹೋಗಿ ಕಿಟಕಿಯ ಬಳಿ ನಿಲ್ಲುತ್ತಿದ್ದ. ಲಿಂಗರಾಜು ಮೇಷ್ಟ್ರದು ದೊಡ್ಡ ಗಂಟಲು, ಪಾಠವೋ ಕಥೆ ಹೇಳಿದ ಹಾಗೆ. ಸಂಜೆ ಮನೆಗೆ ಬಂದವನೇ ತಾಯಿ ಬಷೀರಾಬಿಗೆ ವರದಿ ಒಪ್ಪಿಸುತ್ತಿದ್ದ.

"ಅಮ್ಮಿ, ಅಶೋಕ ರಾಜ ಅಳ್ತಾ ಕೂತ. ಜನ ಸತ್ರಲ್ಲ, ಅದಕ್ಕೆ. ಇನ್ನು ಯುದ್ಧ ಸಾಕು ಅಂದ."

ಒಳಗೆ ಬೆಂಚಿನ ಮೇಲೆ ಕೂತು ಅದೇ ಪಾಠ ಕೇಳಿದ ಅರ್ಧ ತರಗತಿಗೆ ಇಷ್ಟೂ ನೆನಪಿರುತ್ತಿರಲಿಲ್ಲ.

ಕಿಟಕಿಯ ಆಚೆ ದಿನವೂ ಕಾಣುವ ಈ ಮುಖವನ್ನು ಲಿಂಗರಾಜು ಮೇಷ್ಟ್ರು ಗಮನಿಸಿದ್ದರು. ಒಂದು ದಿನ ನೇರವಾಗಿ ಪ್ರಿನ್ಸಿಪಾಲರ ಕೋಣೆಗೆ ಹೋಗಿ, ಅವನನ್ನು ಒಳಗೆ ಕೂರಿಸಿಕೊಳ್ಳುತ್ತೇನೆ ಎಂದರು.

"ರಿಜಿಸ್ಟರಲ್ಲಿ ಹೆಸರಿಲ್ಲದವನನ್ನ ಕ್ಲಾಸಲ್ಲಿ ಕೂರಿಸಿದ್ರೆ ನಾಳೆ ಯಾರು ಉತ್ತರ ಕೊಡೋದು ಕಣ್ರೀ?" ಎಂದರು ಪ್ರಿನ್ಸಿಪಾಲರು. "ಪರೀಕ್ಷೆ ಬರೆಯೋಕಾಗಲ್ಲ, ಡಿಗ್ರಿ ಸಿಗಲ್ಲ. ಅವನಿಗೆ ಏನು ಬಂತು? ಮಿಕ್ಕ ಹುಡುಗರಿಗೆ ತೊಂದರೆ ಆದ್ರೆ ಅವರ ಅಪ್ಪಂದಿರು ನನ್ನ ಹತ್ರ ಬರ್ತಾರೆ."

"ನೀವು ಹೇಳೋದೂ ಸರಿ ಸಾರ್. ಆದ್ರೆ ಡಿಗ್ರಿ ಬೇಕು ಅಂತ ಬಂದವರು ಹಿಂದಿನ ಬೆಂಚಲ್ಲಿ ನಿದ್ದೆ ಹೊಡೀತಾರೆ, ಇವನು ಗಂಟೆಗಟ್ಟಲೆ ನಿಂತ್ಕೊಂಡು ಕೇಳ್ತಾನೆ. ಒಂದು ತಿಂಗಳು ಕೂರಲಿ. ತೊಂದರೆ ಆದ್ರೆ ನಾನೇ ಎಬ್ಬಿಸಿ ಕಳಿಸ್ತೀನಿ."

ಪ್ರಿನ್ಸಿಪಾಲರು ಪೆನ್ನಿನ ಮುಚ್ಚಳ ಹಾಕಿದರು. "ಒಂದು ತಿಂಗಳು. ಹೊಣೆ ನಿಮ್ಮದು" ಎಂದರು.

ಮೇಷ್ಟ್ರಿಗೆ ಖುಷಿ ತಡೆಯಲಾಗಲಿಲ್ಲ. ಜಗಲಿಯಲ್ಲೇ ಅಫ್ರೀನ್‌ಳನ್ನು ನಿಲ್ಲಿಸಿ, "ಸೋಮವಾರದಿಂದ ನಿಮ್ಮಣ್ಣನೂ ಕ್ಲಾಸಿಗೆ ಬರಲಿ ಕಣಮ್ಮ" ಎಂದರು. ಪಕ್ಕದಲ್ಲಿ ಗೆಳತಿ ಸುಧಾ ಇದ್ದಳು. ಕಂಬದ ಬಳಿ ಅವರದೇ ತರಗತಿಯ ಹುಡುಗರು ನಿಂತಿದ್ದರು. ಮೊದಲ ವಾರ ಇದೇ ಹುಡುಗರು ರಿಯಾಜ್‌ನ ಮಾತನ್ನು ಅಣಕಿಸಿ ಬಿದ್ದು ಬಿದ್ದು ನಕ್ಕಿದ್ದರು. ಇನ್ನು ಅವನು ಒಳಗೆ ಬಂದು ಎಲ್ಲರೆದುರು ತೊದಲಿದರೆ? ಮೂರು ವರ್ಷವೂ ತಾನು ಆ ಪೆದ್ದನ ತಂಗಿ.

"ಬೇಡ ಸಾರ್" ಎಂದಳು. "ಅವನಿಗೆ ಒಂದೊಂದ್ಸಲ ಸಿಟ್ಟು ಬರುತ್ತೆ. ಹೊಡೆದುಬಿಡ್ತಾನೆ."

ಅಪ್ಪಟ ಸುಳ್ಳು. ರಿಯಾಜ್ ಹುಟ್ಟಿದಾಗಿನಿಂದ ಯಾರ ಮೇಲೂ ಕೈ ಎತ್ತಿದವನಲ್ಲ. ಆದರೆ ಒಡಹುಟ್ಟಿದವಳೇ ಹೇಳಿದ ಮೇಲೆ ಮೇಷ್ಟ್ರು ಮತ್ತೇನು ಕೇಳಿಯಾರು? "ಹೌದಾ" ಎಂದಷ್ಟೇ ಹೇಳಿ ಮುಖ ಚಿಕ್ಕದು ಮಾಡಿಕೊಂಡು ಹೋದರು.

ಮಾತು ಪ್ರಿನ್ಸಿಪಾಲರ ಕಿವಿಗೂ ಬಿತ್ತು. ಮರುದಿನದಿಂದ ರಿಯಾಜ್‌ಗೆ ಜಗಲಿಯೂ ಇಲ್ಲ. ಗೇಟಿನ ಹೊರಗೆ ಕೂರಲಿ ಎಂದು ಆಜ್ಞೆಯಾಯಿತು. ಅವನನ್ನು ಹೊರಗೆ ಬಿಟ್ಟು ಬಂದ ಕುಳ್ಳಯ್ಯ ಅಫ್ರೀನ್ ಎದುರು ನಿಂತ.

"ಎರಡು ತಿಂಗ್ಳಿಂದ ಒಂದೇ ಬೆಂಚಲ್ಲಿ ಕುಂತಿವ್ನಿ ಕಣವ್ವ. ಒಂದಿನ ಜೋರಾಗಿ ಮಾತಾಡಿದ್ದ ಕಾಣೆ. ನೀನೇ ಅಂಗೆ ಯೋಳಿದ್ಮ್ಯಾಲೆ ನಾನೇನ್ ಅನ್ನನ, ಬುಡು."

ಆಗಲಾದರೂ ಬಾಯಿ ಬಿಟ್ಟಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಅಫ್ರೀನ್ ಬಿಡಲಿಲ್ಲ. ನಾಲ್ಕು ದಿನ ರಿಯಾಜ್ ಗೇಟಿನ ಹೊರಗೆ ಮೋರಿಯ ಕಟ್ಟೆಯ ಮೇಲೆ ಬಿಸಿಲಲ್ಲಿ ಕೂತ. ಹಿಸ್ಟರಿ ಪೀರಿಯಡ್‌ನಲ್ಲಿ ಅವಳು ಕಿಟಕಿಯ ಕಡೆ ತಲೆ ಎತ್ತದೆ ಬರೆದಳು. ಮನೆಯಲ್ಲಿ ಅವನ ವರದಿಯೂ ನಿಂತಿತು. "ಯಾಕೋ ಮಗಾ, ನಿಮ್ಮ ಮೇಷ್ಟ್ರು ಬರಲಿಲ್ವಾ?" ಎಂದು ತಾಯಿ ಕೇಳಿದರೆ ಅವನು ತಟ್ಟೆಯಲ್ಲಿನ ಅನ್ನ ಕಲೆಸುತ್ತಲೇ ಇರುತ್ತಿದ್ದ.

ಐದನೆಯ ದಿನ ಸಂಜೆ ವಾಪಸು ಬರುವಾಗ ರಿಯಾಜ್ ಬೇಗ ಬೇಗ ಹೆಜ್ಜೆ ಹಾಕಿ ತಂಗಿಯ ಪಕ್ಕಕ್ಕೆ ಬಂದ.

"ಅಫ್ಫೂ, ನಾನು ಹೊಡೀತೀನಂತೆ. ನೀನು ಹೇಳಿದ್ಯಂತೆ. ಕುಳ್ಳಯ್ಯ ಅಂದ."

ಅವಳು ನಡಿಗೆ ಬಿರುಸು ಮಾಡಿದಳು. ಅವನೂ ಬಿಡದೆ ಜೊತೆಗೆ ಬಂದ.

"ಯಾರಿಗೆ ಹೊಡೆದೆ? ನನಗೆ ನೆನಪೇ ಇಲ್ಲ." ಸ್ವಲ್ಪ ದೂರ ಯೋಚಿಸುತ್ತಲೇ ನಡೆದ. "ನಿನಗಾ?" ಎಂದು ಅವಳ ತೋಳನ್ನು ಮೆಲ್ಲಗೆ ಮುಟ್ಟಿ ನೋಡಿದ. "ನೋವಾಯ್ತಾ?"

ಪೇಟೆ ಬೀದಿಯ ನಡುವೆ ಅಫ್ರೀನ್ ನಿಂತುಬಿಟ್ಟಳು. ಅವನು ರೇಗಿದ್ದರೆ, ಅಬ್ಬಾಗೆ ಹೇಳುತ್ತೇನೆಂದು ಹೆದರಿಸಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದಳು. ಅವನು ತಪ್ಪು ಮಾಡಿದವನ ಹಾಗೆ ನಿಂತಿದ್ದ. ಅವಳಿಗೆ ನೆಲಕ್ಕೆ ಇಳಿದುಹೋಗುವಷ್ಟು ನಾಚಿಕೆಯಾಯಿತು.

"ಇಲ್ಲ ಭಾಯ್. ನೀನು ಯಾರಿಗೂ ಹೊಡೆದಿಲ್ಲ. ನಾನು ಸುಳ್ಳು ಹೇಳಿದೆ."

ರಿಯಾಜ್ ನಕ್ಕು ತಲೆಯಾಡಿಸಿದ. "ನೀನು ಸುಳ್ಳು ಹೇಳಲ್ಲ" ಎಂದ.

ಮರುದಿನ ಲಿಂಗರಾಜು ಮೇಷ್ಟ್ರು ಹಾಜರಿ ಮುಗಿಸುತ್ತಿದ್ದಂತೆ ಅಫ್ರೀನ್ ಎದ್ದು ನಿಂತಳು.

"ಸಾರ್, ಅಣ್ಣ ಹೊಡೀತಾನೆ ಅಂದಿದ್ದು ಸುಳ್ಳು. ಅವನು ಒಳಗೆ ಬಂದ್ರೆ ನನಗೆ ಅವಮಾನ ಅನ್ನಿಸ್ತು, ಅದಕ್ಕೆ ಹಾಗಂದೆ. ಅವನು ಜೊತೆಗೆ ಬರ್ತಾನೆ ಅಂತಲೇ ನಮ್ಮನೇಲಿ ನನ್ನ ಕಾಲೇಜಿಗೆ ಕಳಿಸ್ತಿರೋದು."

ರಾವಂದೂರು ಕಡೆಯಿಂದ ಬಸ್ಸಿನಲ್ಲಿ ಬರುವ ಶಿವಣ್ಣ ಅಣಕಿಸಿದವರಲ್ಲಿ ಮೊದಲಿಗ. ಅವನು ತಲೆ ಬಗ್ಗಿಸಿ ಡೆಸ್ಕನ್ನೇ ನೋಡುತ್ತಿದ್ದ. ಮೇಷ್ಟ್ರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಕುಳ್ಳಯ್ಯನನ್ನ ಒಂದು ಮಾತು ಕೇಳಿದ್ದರೆ ಗೊತ್ತಾಗ್ತಿತ್ತು. ನಾನೂ ಕೇಳಲಿಲ್ಲವಲ್ಲ" ಎಂದರು. "ಪ್ರಿನ್ಸಿಪಾಲರಿಗೆ ನಾನು ಹೇಳ್ಕೋತೀನಿ. ಹೋಗಿ ಕರ್ಕೊಂಡು ಬಾ."

ಗೇಟಿನ ಹೊರಗೆ ರಿಯಾಜ್ ಕೂತಲ್ಲಿಂದ ಏಳಲಿಲ್ಲ. "ಬೇಡ ಅಫ್ಫೂ. ಒಳಗೆ ತುಂಬಾ ಜನ ಇದ್ದಾರೆ. ನಾನು ಹೊಡೆದುಬಿಟ್ರೆ?" ಎಂದ. ಅವಳು ಅತ್ತಳು, ಬೇಡಿಕೊಂಡಳು. ಅವಳು ಹೇಳಿದ ಸುಳ್ಳನ್ನು ನಂಬಿದಷ್ಟು ಸುಲಭವಾಗಿ ಅವನು ನಿಜವನ್ನು ನಂಬಲಿಲ್ಲ. ಕೊನೆಗೆ ಕುಳ್ಳಯ್ಯನೇ ಬಂದ.

"ಎದ್ದು ಬಾರಪ್ಪ ರಿಯಾಜು. ನಾನೂ ನಿನ್ ಪಕ್ಕದಲ್ಲೇ ಕುಂತ್ಕತೀನಿ. ಏಟು ಬಿದ್ರೆ ಮೊದ್ಲು ನಂಗೇ ಬೀಳ್ಲಿ."

ಅಫ್ರೀನ್ ಅಣ್ಣನ ಕೈ ಹಿಡಿದು ಜಗಲಿಯ ಉದ್ದಕ್ಕೂ ನಡೆಸಿಕೊಂಡು ಬಂದಳು. ಬೇರೆ ತರಗತಿಯವರೂ ಕಿಟಕಿಯಿಂದ ನೋಡಿದರು. ನೋಡಲಿ ಎಂದುಕೊಂಡಳು. ಹುಡುಗರ ಮೊದಲ ಬೆಂಚಿನಲ್ಲಿ ಶಿವಣ್ಣ ಸರಿದು ಜಾಗ ಮಾಡಿಕೊಟ್ಟ. ಕುಳ್ಳಯ್ಯ ತುದಿಯಲ್ಲಿ ಕೂತ.

ಪಾಠ ಶುರುವಾಯಿತು. ಸ್ವಲ್ಪ ಹೊತ್ತಿನ ಮೇಲೆ ಅಫ್ರೀನ್ ಆ ಕಡೆ ತಿರುಗಿದಳು. ರಿಯಾಜ್ ಬಾಯಿ ತೆರೆದುಕೊಂಡು ಮೇಷ್ಟ್ರನ್ನೇ ನೋಡುತ್ತಿದ್ದ. ಶಿವಣ್ಣ ತನ್ನ ಪುಸ್ತಕವನ್ನು ಅವನ ಮುಂದೆ ತಳ್ಳಿ, "ತಗಳಿ ಅಣ್ಣ, ಇದ್ರಲ್ಲಿ ಚಿತ್ರ ಅದೆ" ಎಂದು ಪಿಸುಗುಟ್ಟಿದ. ರಿಯಾಜ್ ಬಗ್ಗಿ ನೋಡಿ ನಕ್ಕ. ಆದರೆ ಪುಸ್ತಕ ಮುಟ್ಟಲಿಲ್ಲ. ಎರಡೂ ಕೈಗಳನ್ನು ತೊಡೆಯ ಕೆಳಗೆ ಸಿಕ್ಕಿಸಿ, ಅವುಗಳ ಮೇಲೆ ತನ್ನ ಭಾರವನ್ನೆಲ್ಲ ಬಿಟ್ಟು ಕೂತಿದ್ದ.

ಶಿವಣ್ಣನೇ ಅವನಿಗಾಗಿ ಒಂದೊಂದಾಗಿ ಪುಟ ತಿರುಗಿಸಿದ. ಗಂಟೆ ಹೊಡೆಯುವವರೆಗೂ ಆ ಕೈಗಳು ಹೊರಗೆ ಬರಲಿಲ್ಲ.