ಬೀಗದ ಮಂಡಿ

ಇನ್ನೊಬ್ಬರ ಮನೆಯ ಮಾತನ್ನು ಹೇಳಲು ನಾನು ಯಾರು ಎಂದು ಅಳುಕುತ್ತಲೇ ಬರೆಯುತ್ತಿದ್ದೇನೆ. ಅಧಿಕಪ್ರಸಂಗ ಎನಿಸಿದರೆ ಕ್ಷಮಿಸಿ.

ಕೃತಕ ಕಾಲು ಜೋಡಿಸುವುದು ನನ್ನ ಕೆಲಸ. ಮನೆಯೊಳಗಷ್ಟೇ ಓಡಾಡಬಲ್ಲವರಿಗೆ ಬೀಗದ ಮಂಡಿ ಹಾಕುತ್ತೇವೆ. ಕಾಲು ಕೋಲಿನಂತೆ ಸೆಟೆದಿರುತ್ತದೆ, ಬೀಳುವ ಭಯ ಕಡಿಮೆ. ಬೀದಿ, ಏರು ನಿಭಾಯಿಸುವವರಿಗೆ ಮಡಚುವ ಮಂಡಿ. ಅದಲುಬದಲಾದರೆ ಒಬ್ಬ ಬಿದ್ದು ಸೊಂಟ ಮುರಿದುಕೊಳ್ಳುತ್ತಾನೆ, ಇನ್ನೊಬ್ಬ ಸುಮ್ಮನೆ ಮೂಲೆ ಹಿಡಿಯುತ್ತಾನೆ.

ಆ ಪೇಂಟರ್ ತನ್ನ ಅಕ್ಕನ ಜೊತೆ ಬಂದಿದ್ದ. ಮಾತೆಲ್ಲ ಅಕ್ಕನದೇ.

"ಬಚ್ಚಲಿಗೆ ಹೋಗಿ ಬರೋದೇ ಇವನಿಗೆ ದಂಡಯಾತ್ರೆ ಸರ್. ಬೀಗದ್ದೇ ಹಾಕ್ಬಿಡಿ."

ಕೆಲ ವಾರಗಳ ಹಿಂದೆ ಅಭ್ಯಾಸಕ್ಕೆಂದು ಮನೆಗೆ ಕೊಟ್ಟು ಕಳಿಸಿದ್ದ ಮಡಚುವ ಕಾಲಿನಲ್ಲಿ, ಕಂಬಿಗಳ ನಡುವೆ, ಅವನು ಆಮೆಯೂ ನಗುವಂತೆ ನಡೆದ. ಆದರೆ ಆ ಕಾಲಿನ ಚಪ್ಪಲಿಯ ತುದಿಯೂ ಹಿಮ್ಮಡಿಯೂ ಸವೆದಿದ್ದವು. ಕಾಲೆಳೆದರೂ ತುದಿ ಸವೆಯುತ್ತದೆ, ನಿಜ. ಹಿಮ್ಮಡಿ ಏಕೆ ಸವೆದಿದೆ? ಬಚ್ಚಲಿನ ದಾರಿ ಅಷ್ಟು ಉದ್ದವೇ? ಅಕ್ಕ ಇವನನ್ನು ಕಟ್ಟಿಹಾಕುತ್ತಿದ್ದಾಳೆ ಎಂದುಕೊಂಡೆ. ಕಾಲುಚೀಲ ತರುವ ನೆಪದಲ್ಲಿ ಆಕೆಯನ್ನು ಕೆಳಗಿನ ಕೌಂಟರಿಗೆ ಕಳಿಸಿದೆ.

"ಈಗ ನಡೀರಿ ನೋಡೋಣ."

ಅವನು ಬಾಗಿಲ ಕಡೆ ನೋಡಿದ. ಕೈಯಲ್ಲಿದ್ದ ಊರುಗೋಲನ್ನು ಕಂಬಿಯ ಬಳಿಯೇ ಬಿಟ್ಟು ಕಿಟಕಿಯವರೆಗೆ ಸಲೀಸಾಗಿ ನಡೆದ. ಇಳಿಜಾರಿನ ಹಲಗೆಯನ್ನೂ ಹತ್ತಿ ಇಳಿದ.

"ಅಕ್ಕನಿಗೆ ಹೇಳ್ಬೇಡಿ ಸರ್."

"ಯಾಕೆ, ಹೊರಗೆ ಬಿಡಲ್ವಾ ಅವರು?"

"ಅಯ್ಯೋ, ನನ್ನ ನೋಡ್ಕೊಳ್ಳೋಕೆ ಅಂತ ಬಂದಿರೋಳು ಅವಳು. ನಾನು ನಡೆದ್ರೆ ಭಾವ ಬಂದು ಕರ್ಕೊಂಡು ಹೋಗ್ತಾನೆ. ಅವನ ಕೈ ಸುಮ್ನಿರಲ್ಲ."

"ಮತ್ತೆ ನಿಮ್ಮ ಕೆಲಸ?"

"ಗೋಡೆ ಎಲ್ಲಿಗೆ ಓಡಿ ಹೋಗುತ್ತೆ ಬಿಡಿ."

ನಂಬುವುದೋ ಬಿಡುವುದೋ? ಕೂತಲ್ಲಿಗೆ ಬಿಸಿ ಊಟ ಬರುವಾಗ ಕೆಲಸ ಯಾರಿಗೆ ಬೇಕು ಎಂಬ ಕೆಟ್ಟ ಯೋಚನೆಯೂ ಬಂತು.

ಅಕ್ಕ ಹಿಂತಿರುಗಿದಳು. ಅಂಥ ಸೆಕೆಯಲ್ಲೂ ಮಣಿಕಟ್ಟಿನವರೆಗಿನ ತೋಳಿನ ರವಿಕೆ. ಊರುಗೋಲು ಕಂಬಿಯ ಬಳಿ, ತಮ್ಮ ಕಿಟಕಿಯ ಬಳಿ. ಆಕೆ ಎರಡನ್ನೂ ನೋಡಿದಳು. ಕೋಲನ್ನು ತಂದು ಅವನ ಕೈಗಿಟ್ಟಳು.

"ಬೀಗದ್ದೇ ಅಲ್ವಾ ಸರ್?" ದನಿ ತಗ್ಗಿತ್ತು.

ಕೊನೆಗೆ ಮಡಚುವ ಮಂಡಿಯಲ್ಲೇ ಬೀಗವೂ ಇರುವಂಥದ್ದನ್ನು ಆರಿಸಿದೆ. ಬೇಡವಾದಾಗ ತಂತಿ ಎಳೆದು ಬೀಗ ಬಿಡಿಸಬಹುದು. ಅದನ್ನು ಇಬ್ಬರಿಗೂ ತೋರಿಸಿದೆ. ಆಕೆ ಬೀಗ ಕೂತಿದೆಯೇ ಎಂದು ತಾನೇ ಅಲುಗಾಡಿಸಿ ನೋಡಿದಳು.

ಮುಂದಿನ ವಾರ ಒಂದು ಫೋನ್ ಬಂತು. ಬೆಣ್ಣೆಯಂಥ ದನಿ.

"ನಮ್ಮ ಭಾಮೈದ ಈಗ ನಡೀತಾನಾ ಸರ್? ಮನೆಯವಳನ್ನ ಕರ್ಕೊಂಡು ಹೋಗ್ಬೇಕಿತ್ತು."

"ಬೀಗದ ಮಂಡಿ ಹಾಕಿದೀವಿ," ಎಂದೆ. ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ.

ಆ ಮನುಷ್ಯನ ಕೈ ಎಂಥದ್ದೋ ನಾನು ಕಂಡಿಲ್ಲ. ಅಕ್ಕನಿಗೆ ಎಲ್ಲ ತಿಳಿದಿತ್ತೋ ಏನೋ, ಕೇಳಲು ಧೈರ್ಯ ಬರಲಿಲ್ಲ. ಈಗ ಆಕೆ ಯಾರ ಮನೆಯಲ್ಲಿದ್ದಾಳೆ, ನನಗೆ ಗೊತ್ತಿಲ್ಲ.